ಎರಡು ಜಡೆಯ ಡಬ್ಬಿ

ಮುಚ್ಚಳದ ಮೇಲಿನ ಹುಡುಗಿಗೆ ಮೇಲುಸಾಲಿನಲ್ಲಿ ಆರು ಹಲ್ಲು, ಕೆಳಸಾಲಿನಲ್ಲಿ ಐದು. ಎರಡು ಜಡೆ, ಜಡೆಯ ತುದಿಗೆ ಕೆಂಪು ರಿಬ್ಬನ್ನು. ತಗಡಿನ ಮೇಲೆ ಅಚ್ಚು ಸರಿದು ಎಡಗಡೆಯ ರಿಬ್ಬನ್ನಿನ ಕೆಂಪು ಗೆರೆಯ ಹೊರಗೆ ಚೆಲ್ಲಿತ್ತು.

ಹೋದ ತಿಂಗಳು ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ, ಉಣಕಲ್ಲಿನ ಕೆರೆ ದಾಟುತ್ತಿದ್ದಾಗ, ನನ್ನ ಪಕ್ಕದಲ್ಲಿ ಕುಳಿತ ಹೆಂಗಸು ಚಂಚಿಯಿಂದ ಅಂಥದೇ ಡಬ್ಬಿ ತೆಗೆದಳು. ಹಳೆಯದು. ಹುಡುಗಿಯ ಮುಖ ಸವೆದುಹೋಗಿತ್ತು, ಆದರೆ ಚೆಲ್ಲಿದ ಕೆಂಪು ಹಾಗೇ ಇತ್ತು. ಮುಚ್ಚಳ ತೆರೆದಾಗ ಮೊದಲು ಲವಂಗದ ವಾಸನೆ ಬಂತು, ಅದರ ಕೆಳಗಿನಿಂದ ಇನ್ನೊಂದು. ನಾನು ನೋಡುತ್ತಿದ್ದುದನ್ನು ಕಂಡು ಆಕೆ ಡಬ್ಬಿಯನ್ನು ನನ್ನ ಕಡೆ ಹಿಡಿದು, "ಹಚ್ಕೊಂತೀರೇನ್ರಿ ಅಕ್ಕಾರ?" ಎಂದಳು.

"ಬ್ಯಾಡ್ರಿ" ಎಂದೆ. ನನ್ನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದು, ಉಳಿದ ದಾರಿ ನಡೆದೆ.

ಆ ಡಬ್ಬಿಯ ವರ್ಷ ನನ್ನ ಮೊದಲ ನೌಕರಿಯ ವರ್ಷ. ಉತ್ತರದ ಗಡಿಯಲ್ಲಿ ಯುದ್ಧ ನಿಂತ ಮರುವರ್ಷ. ಧಾರವಾಡದಲ್ಲಿ ಓದು ಮುಗಿಸಿ, ಹುಬ್ಬಳ್ಳಿಯ ಹಳೆಯ ಪೇಟೆಯ ಹಿಂದಿದ್ದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದ್ದೆ. ಕಾಲೇಜಿನ ದಿನಗಳಿಂದಲೂ ಕೇಶ್ವಾಪುರದಲ್ಲಿ ಮಾವಶಿಯ ಮನೆಯಲ್ಲಿದ್ದೆ. ಮಾವಶಿ ನನ್ನ ತಾಯಿಯ ಅಕ್ಕ. ಅವಳ ಗಂಡ ಕಾಕಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾವಿಬ್ಬರೇ.

ಮಾವಶಿ ಹದಿನೈದು ದಿನಕ್ಕೊಮ್ಮೆ ಹಿತ್ತಲಲ್ಲಿ ಒಲೆ ಹೊತ್ತಿಸಿ, ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದಳು. ಮಶೇರಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ಬೆಳಗು ಅದರಿಂದಲೇ ಆಗುತ್ತಿತ್ತು. ತೋರುಬೆರಳಿಗೆ ಒಂದು ಚಿಟಿಕೆ, ಹಲ್ಲಿಗೆ, ವಸಡಿಗೆ. ಸ್ವಲ್ಪ ಹೊತ್ತು ಕುಳಿತು, ಉಗುಳಿ, ಬಾಯಿ ಮುಕ್ಕಳಿಸಿ, ಆಮೇಲೆ ಚಹಾ. ಅದನ್ನು ಯಾರೂ ತಂಬಾಕಿನ ಚಟ ಎನ್ನುತ್ತಿರಲಿಲ್ಲ. ಹಲ್ಲುಜ್ಜುವುದು ಎನ್ನುತ್ತಿದ್ದರು.

ಬಿ.ಎ. ಮೊದಲ ವರ್ಷ ಪರೀಕ್ಷೆಯ ಹಿಂದಿನ ವಾರ ನನ್ನ ದವಡೆಹಲ್ಲು ನೋಯತೊಡಗಿತು. ಪುಸ್ತಕ ಮುಂದಿಟ್ಟುಕೊಂಡು ಅಳುತ್ತ ಕುಳಿತಿದ್ದೆ. ಮಾವಶಿ ತನ್ನ ಬೆರಳಿನಿಂದಲೇ ಒಂದು ಚಿಟಿಕೆ ಹಚ್ಚಿದಳು. ನೋವು ಹೋಯಿತು. ಅದರ ಜೊತೆ ಪರೀಕ್ಷೆಯ ಹೆದರಿಕೆಯೂ ಒಂದು ಗಳಿಗೆ ಹೋಯಿತು. ಆ ಹಲ್ಲನ್ನು ಮುಂದೆ ಕೀಳಿಸಿದೆ. ಚಿಟಿಕೆ ಉಳಿಯಿತು. ನೌಕರಿಗೆ ಸೇರುವ ಹೊತ್ತಿಗೆ ಮುಂಜಾನೆ ಒಂದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಿಕ್ಷಕಿಯರ ಮೋರಿಯ ಹತ್ತಿರ ಒಂದು. ಕುಂಕುಮದ ಸಣ್ಣ ಬೆಳ್ಳಿ ಕರಡಿಗೆಯಲ್ಲಿ ಅದನ್ನು ಹಾಕಿ ಪರ್ಸಿನ ಒಳಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮಾವಶಿಯ ಹೊರತು ಯಾರಿಗೂ ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ವಿದ್ಯಾಪೀಠದ ಪದವಿ, ಇವುಗಳ ಜೊತೆ ಅದು ಹೊಂದುವ ವಸ್ತುವಾಗಿರಲಿಲ್ಲ.

ಆ ಜುಲೈನಲ್ಲಿ ಮಳೆ ಜೋರಾಗಿರಲಿಲ್ಲ, ಆದರೆ ಬಿಡುತ್ತಲೂ ಇರಲಿಲ್ಲ. ಪೇಟೆಯ ಕರಿಮಣ್ಣು ಚಪ್ಪಲಿಗೆ ಹತ್ತಿ ಕ್ಲಾಸಿನೊಳಗೆ ಬರುತ್ತಿತ್ತು. ಶಾಲೆಯ ಮುಂದಿನ ಗೋಡೆ ಪಾಚಿಗಟ್ಟಿ ಹಸಿರಾಗಿತ್ತು. ಅಂಥ ಒಂದು ದಿನ, ಮುಚ್ಚುಗೊರಳಿನ ಕೋಟು ಹಾಕಿಕೊಂಡ ಒಬ್ಬ ಏಜೆಂಟರು ಛತ್ರಿಯನ್ನು ಹೊರಗೆ ಒರಗಿಸಿ ಮುಖ್ಯಾಧ್ಯಾಪಿಕೆಯವರ ಕೋಣೆಗೆ ಬಂದರು. ನಮ್ಮ ಕಡೆ ಶಿಕ್ಷಕಿಯೆಂದರೆ ಬಾಯಾರು, ಮುಖ್ಯಾಧ್ಯಾಪಿಕೆಯವರನ್ನು ಎಲ್ಲರೂ ದೊಡ್ಡ ಬಾಯಾರು ಎನ್ನುತ್ತಿದ್ದರು. ಸ್ವಚ್ಛತೆಯ ತಪಾಸಣೆ ನನಗೆ ವಹಿಸಿದ್ದರಿಂದ ನನ್ನನ್ನೂ ಕರೆಸಿದರು.

"ಬಾಯಾರ, ನಿಮ್ಮ ಗೋಡಿ ನೋಡಿ ನನ್ನ ಜೀವ ಮರಮರ ಅಂತದ್ರಿ" ಎಂದರು ಏಜೆಂಟರು. "ಪುಗಸಟ್ಟೆ ಸುಣ್ಣ ಹಚ್ಚಿಸಿ ಕೊಡ್ತೇವಿ."

"ಪುಗಸಟ್ಟೆ ಅಂದ್ರ ಅದರ ಹಿಂದ ಏನರ ಇರಬೇಕಲ್ರಿ" ಎಂದರು ದೊಡ್ಡ ಬಾಯಾರು.

"ಒಂದ ಚಿತ್ರ ಬರಸ್ತೇವ್ರಿ. ಹಲ್ಲಿನ ಪುಡೀದು. ಎಂಟನೇ ಇಯತ್ತೆಯಿಂದ ಮ್ಯಾಲಿನ ಎಲ್ಲಾ ಹುಡಿಗ್ಯಾರಿಗೂ ಒಂದೊಂದು ಡಬ್ಬಿ ಕೊಡ್ತೇವಿ. ಟೈಮ್‌ಟೇಬಲ್ಲಿನ ಕಾರ್ಡೂ ಛಾಪಿಸಿ ಕೊಡ್ತೇವಿ. ಸ್ವಚ್ಛತಾ ಕಲಿಸಿದಂಗೂ ಆತು, ಗೋಡಿ ಬೆಳ್ಳಗಾದಂಗೂ ಆತು."

ದೊಡ್ಡ ಬಾಯಾರು ಡಬ್ಬಿ ತೆರೆದು ಮೂಸಿ, "ಲವಂಗ ಅದ" ಎಂದರು.

"ಲವಂಗ, ಕರ್ಪೂರ, ಇನ್ನಿಷ್ಟು ಔಷಧಿ ಸಾಮಾನು. ಕರೀ ಪುಡಿ ಹಲ್ಲಿಗೆ ಛಲೋರಿ."

ಡಬ್ಬಿ ನನ್ನ ಕೈಗೆ ಬಂತು. ಲವಂಗದ ಕೆಳಗೆ ಮಾವಶಿಯ ಹಂಚಿನ ವಾಸನೆ. ಸಂಶಯವೇ ಇರಲಿಲ್ಲ. ದಿನಾ ಹಚ್ಚಿಕೊಳ್ಳುವವರಿಗೆ ಮಾತ್ರ ತಿಳಿಯುವ ವಾಸನೆ ಅದು, ಮತ್ತು ನನ್ನ ಬಾಯಿ ಕಟ್ಟಿದ್ದೂ ಅದೇ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ? ಮನೆಮನೆಯಲ್ಲಿ ಇರುವುದೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ತಾಯಿ, ಮಾವಶಿ, ಅಜ್ಜಿ ಯಾರಿಗೂ ಏನೂ ಆಗಿರಲಿಲ್ಲ.

"ಚಿತ್ರದ ಕೆಳಗ ಒಂದು ಛಂದನ ಮಾತು ಬೇಕಾಗಿತ್ರಿ" ಎಂದರು ಏಜೆಂಟರು. "ನಮ್ಮ ಮಂದಿ ಬರದ್ರ ಸಂತ್ಯಾಗ ಕೂಗಿದಂಗ ಆಗ್ತದ. ನೀವು ಕನ್ನಡಾ ಕಲತವರು."

ಅಲ್ಲೇ, ನಿಂತುಕೊಂಡೇ, ಅವರ ಚೀಟಿಯ ಹಿಂದೆ ಬರೆದೆ: 'ಮುಂಜಾನೆ ಒಂದು ಚಿಟಿಕೆ, ದಿನವೆಲ್ಲ ನಗು.' ಬರೆದು ಒಮ್ಮೆ ಓದಿಕೊಂಡೆ. ಚೆನ್ನಾಗಿದೆ ಅನಿಸಿತು. ಅಷ್ಟು ದಿನ ಕರಿಹಲಗೆ, ಉಪಾಧ್ಯಾಯರ ಡೈರಿ ಬಿಟ್ಟು ನಾನು ಬರೆದದ್ದು ಯಾವುದೂ ಜನರ ಕಣ್ಣಿಗೆ ಬಿದ್ದಿರಲಿಲ್ಲ.

ಮಳೆ ಬಿಡುವು ಕೊಟ್ಟ ಒಂದು ವಾರದಲ್ಲಿ ಗೋಡೆ ಬೆಳ್ಳಗಾಯಿತು. ಪೇಂಟರು ನೀಲಿಯಲ್ಲಿ, ಕೆಮ್ಮಣ್ಣಿನಲ್ಲಿ ಎರಡು ಜಡೆಯ ಹುಡುಗಿಯನ್ನು ಆಳೆತ್ತರ ಬರೆದ. ಅವಳ ಕೆಳಗೆ ನನ್ನ ಸಾಲು, ಗೇಣೆತ್ತರದ ಅಕ್ಷರಗಳಲ್ಲಿ, ಸರಿಯಾಗಿ ಒಂಬತ್ತನೇ ಇಯತ್ತೆಯ ಹುಡುಗಿಯ ಕಣ್ಣಿನ ಮಟ್ಟಕ್ಕೆ. ಸೋಮವಾರ ಉಗುರು, ಕೂದಲು, ಹಲ್ಲು ನೋಡುವ ತಪಾಸಣೆಯಲ್ಲಿ ಡಬ್ಬಿಗಳನ್ನು ನನ್ನ ಕೈಯಿಂದಲೇ ಹಂಚಿದೆ. ಅದೇ ವಾರ ಇನ್ನೊಂದು ಕೆಲಸವನ್ನೂ ಮಾಡಿದೆ. 'ಶಾಲೆಯ ಆವರಣದಲ್ಲಿ ಉಗುಳಬಾರದು' ಎಂದು ಬರೆದ ಹಲಗೆಯನ್ನು ನಲ್ಲಿಯ ಹತ್ತಿರ ತೂಗುಹಾಕಿದೆ. ಉಗುಳಿದವರು ಒಂದು ತಾಸು ಬಿಸಿಲಲ್ಲಿ ನಿಲ್ಲಬೇಕೆಂಬ ನಿಯಮವೂ ನನ್ನದೇ.

ಹುಡುಗಿಯರು ಅದನ್ನು 'ಎರಡ ಜಡೀ ಪುಡಿ' ಎನ್ನತೊಡಗಿದರು. ಗೇಟಿನ ಎದುರಿಗೆ ಒಬ್ಬ ಅಜ್ಜನ ಅಂಗಡಿಯಿತ್ತು. ಪೇಪರಮಿಂಟು, ಪೆನ್ಸಿಲ್ಲು, ಬೀಡಿಯ ಕಟ್ಟು ಒಂದೇ ಹಲಗೆಯ ಮೇಲೆ. ಆಗಸ್ಟಿನಲ್ಲಿ ಆ ಹಲಗೆಯ ಮೇಲೆ ಡಬ್ಬಿಗಳೂ ಸಾಲಾಗಿ ಬಂದವು. ಐದು ಖಾಲಿ ಡಬ್ಬಿಯ ಮುಚ್ಚಳ ತಂದವರಿಗೆ ಒಂದು ಜೊತೆ ಕೆಂಪು ರಿಬ್ಬನ್ನು. ಪುಗಸಟ್ಟೆ ಕೊಟ್ಟ ಡಬ್ಬಿ ಒಂದೇ. ಉಳಿದ ನಾಲ್ಕು ಅಲ್ಲಿಂದ ಬರಬೇಕು.

ದಸರೆಯ ಹೊತ್ತಿಗೆ ನನಗೆ ರಿಬ್ಬನ್ನು ಎಣಿಸುವ ರೂಢಿ ಬಿದ್ದಿತ್ತು. ಪಾಠ ಹೇಳುತ್ತ ಕಣ್ಣು ಅವುಗಳ ಮೇಲೆ ಹರಿಯುತ್ತಿತ್ತು. ಒಂದು ವಾರ ಏಳು ಜೊತೆ. ಮುಂದಿನ ವಾರ ಹನ್ನೊಂದು. ದೀಪಾವಳಿಯ ರಜೆಗೆ ಮುಂಚೆ ಹತ್ತೊಂಬತ್ತು. ಇಡೀ ಕ್ಲಾಸಿನಲ್ಲಿ ಮೂವತ್ತೊಂದು ಹುಡುಗಿಯರು. ಮಧ್ಯಾಹ್ನದ ಬಿಡುವಿನ ನಂತರ ಕೆಲವರ ಕೆಳತುಟಿಯ ಒಳಗೆ ಸಣ್ಣ ಉಬ್ಬು ಕಾಣುತ್ತಿತ್ತು. ಪ್ರಶ್ನೆ ಕೇಳಿದರೆ ಬಾಯಿ ತೆರೆಯದೆ ತಲೆಯಾಡಿಸುತ್ತಿದ್ದರು. ದೊಡ್ಡ ಬಾಯಾರು ಮಾತ್ರ, "ರಿಬ್ಬನ್ ಕಟ್ಟಿದ್ರ ಸಾಲಿಗೆ ಹೆಂಗ ಕಳೆ ಬಂತ ನೋಡ್ರಿ" ಎಂದು ಖುಷಿಪಡುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಮೊದಲ ರಿಬ್ಬನ್ನು ಕಟ್ಟಿಕೊಂಡು ಬಂದವಳು ಪಾರ್ವತಿ. ಎಸ್ಸೆಸ್ಸೆಲ್ಸಿಯ ಹುಡುಗಿ, ಹದಿನಾರು ವರ್ಷ. ಅವಳ ತಂದೆ ಕಾಳಿನ ಅಡತಿ ವ್ಯಾಪಾರಿ. ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ. ಗಣಿತದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನನ್ನ ಬಳಿ ನಿಬಂಧ ತಿದ್ದಿಸಲು ಬಂದಾಗ ಒಮ್ಮೆ ಹೇಳಿದ್ದಳು:

"ನಮ್ಮ ಮನ್ಯಾಗ ಇಷ್ಟ ಕಲತಾಕಿ ನಾನ ಮೊದಲನೇದಾಕಿರಿ ಬಾಯಾರ. ನವಲಗುಂದದ ಕಡೆ ಒಂದ ವರಾನೂ ನೋಡಿ ಇಟ್ಟಾರ. ಅಪ್ಪ ಪರೀಕ್ಷಾ ಮುಗಿಯೂತನಕಾ ತಡಿತೇನಿ ಅಂದಾನ. ಆದ್ರ ಊರ ಬಾಯಿಗೆ ನನ್ನ ಹೆಸರು ಬಂತಂದ್ರ ಅವತ್ತ ಸಾಲಿ ಬಂದ್."

"ನಿನ್ನ ಹೆಸರು ಯಾಕ ಬರ್ತದ ಊರ ಬಾಯಿಗೆ?" ಎಂದು ನಾನು ನಕ್ಕಿದ್ದೆ.

ದೀಪಾವಳಿ ಕಳೆದು ಶಾಲೆ ತೆರೆದ ವಾರ ಮುಂಜಾನೆಯ ಚಳಿ ಶುರುವಾಗಿತ್ತು. ಡ್ರಿಲ್ಲಿನ ಸಾಲಿನಲ್ಲಿ ಪಾರ್ವತಿ ತಲೆ ತಿರುಗಿ ಕುಳಿತಳು. ಎರಡು ದಿನ ಬಿಟ್ಟು ನನ್ನ ಪಾಠದಲ್ಲೇ ಎದ್ದು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಹಿಂದೆ ಹೋಗಿ ನೋಡಿದೆ. ವಾಂತಿ, ಹಣೆಯ ಮೇಲೆ ತಣ್ಣನೆಯ ಬೆವರು, ತುಟಿ ಬಿಳುಚಿ ಹೋಗಿತ್ತು. ಆ ಬೆವರು ನನಗೆ ಗೊತ್ತು. ಮೊದಲ ವರ್ಷ ಎರಡು ಸಲ ತಪ್ಪಿ ನುಂಗಿದಾಗ ನನಗೂ ಹಾಗೇ ಆಗಿತ್ತು.

ಶಿಕ್ಷಕಿಯರ ಕೋಣೆಗೆ ಬಂದಾಗ ಹೊಲಿಗೆಯ ಕಮಲಾಬಾಯಿ ಬೆರಳು ಮಡಚುತ್ತಿದ್ದರು. "ತಲಿ ತಿರಗೂದು ಒಂದು, ವಾಂತಿ ಎರಡು. ನಿನ್ನೆ ಹುಣಸಿಹಣ್ಣು ತಿನ್ಲಿಕ್ಕೆ ಹತ್ತಿದ್ಲು, ಮೂರು. ಇನ್ನ ನಾಲ್ಕನೇದು ಬ್ಯಾರೆ ಹೇಳಬೇಕೇನು?"

"ಪಿತ್ತ ಆಗಿರಬೇಕ್ರಿ" ಎಂದೆ.

"ಇಂದೂಬಾಯಿ, ನೀವಿನ್ನೂ ಸಣ್ಣಾಕಿ. ನಾಕ ಹಡದವರಿಗೆ ಗೊತ್ತಿರ್ತದ ಯಾವುದು ಪಿತ್ತ, ಯಾವುದು ಅಲ್ಲ ಅಂತ. ಪುಸ್ತಕದಾಗ ಇರೂದಿಲ್ಲ ಅದು."

ಉಳಿದವರು ನಗಲಿಲ್ಲ, ಆದರೆ ಅಲ್ಲಗಳೆಯಲೂ ಇಲ್ಲ.

ಅಂದು ಮಧ್ಯಾಹ್ನ ನಲ್ಲಿಯ ಹತ್ತಿರ ಪಾರ್ವತಿಯನ್ನು ಒಬ್ಬಳೇ ಹಿಡಿದೆ. ಅವಳ ತಲೆಯ ಹಿಂದೆ ನನ್ನ ಹಲಗೆ ತೂಗುತ್ತಿತ್ತು.

"ಪುಡಿ ನುಂಗಿದೇನು?"

ಅವಳು ನೆಲ ನೋಡಿದಳು. "ಉಗಳಬಾರದಂತ ನೀವ ಬರದೀರಲ್ರಿ. ಕ್ಲಾಸಿನ್ಯಾಗ ಎಲ್ಲಿ ಉಗಳೂದ್ರಿ?"

"ಕ್ಲಾಸಿನ್ಯಾಗ ಯಾಕ ಹಚ್ಕೊಂತಿ?"

"ಮೊದಲ ಮುಂಜಾನಿ ಒಂದ ಸಲ ಹಚ್ತಿದ್ನಿರಿ. ಈಗ ಅಷ್ಟಕ್ಕ ಆಗವಲ್ದು. ದೀಪಾವಳ್ಯಾಗ ಎರಡ ದಿನಾ ಬಿಟ್ಟ ನೋಡಿದ್ನಿ, ತಲಿ ಸಿಡದ ಹೋತು. ಲೆಕ್ಕ ಸುದ್ದಾ ಬರಲಿಲ್ಲ. ಆಗ ತಿಳೀತು ಇದ್ರಾಗ ಏನೈತಿ ಅಂತ." ಆಮೇಲೆ ನನ್ನ ಕೈ ಹಿಡಿದಳು. "ಅಪ್ಪಗ ಹೇಳಬ್ಯಾಡ್ರಿ ಬಾಯಾರ. ನಮ್ಮ ಮನ್ಯಾಗ ತಂಬಾಕ ಅಂದ್ರ ಕೊಂದ ಬಿಡ್ತಾರ."

ತನ್ನ ಬಗ್ಗೆ ಕೋಣೆಯೊಳಗೆ ಹೆಂಗಸರು ಏನು ಅಂದುಕೊಂಡಿದ್ದಾರೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಹೇಳಲೂ ಇಲ್ಲ.

"ಹೇಳೂದಿಲ್ಲ" ಎಂದು ಮಾತು ಕೊಟ್ಟೆ. ಮಾತು ಕೊಟ್ಟಾಗ ನನಗೆ ಹಾಯೆನಿಸಿತು. ಅವಳ ಗುಟ್ಟು ಕಾಯುವ ನೆಪದಲ್ಲಿ ನನ್ನದೂ ಉಳಿಯುತ್ತದಲ್ಲ ಎಂದು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಆ ಹಾಯಿ ಎರಡು ದಿನವೂ ಉಳಿಯಲಿಲ್ಲ. ಗುರುವಾರ ದೊಡ್ಡ ಬಾಯಾರು ಪಾರ್ವತಿಯ ತಂದೆಗೆ ಚೀಟಿ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಬಂದು ಕಾಣಬೇಕು. ನನ್ನನ್ನು ಕರೆದು, "ನಿಮ್ಮ ಕ್ಲಾಸಿನಾಕಿ. ನೀವೂ ಇರ್ರಿ" ಎಂದರು. "ಹುಡುಗಿನ್ನ ಸದ್ಯಕ್ಕ ಮನ್ಯಾಗ ಇಟ್ಕೊಳ್ಳಿ, ಲೇಡಿ ಡಾಕ್ಟರಿಗೆ ತೋರಸ್ರಿ ಅಂತ ಹೇಳಬೇಕಂತ ಮಾಡೇನಿ. ಉಳದದ್ದು ಅವರಿಗೇ ತಿಳೀತದ."

ಉಳಿದದ್ದು ಅವರಿಗೇ ತಿಳಿಯುತ್ತದೆ. ಆ ಮಾತು ದಿನವಿಡೀ ಕಿವಿಯಲ್ಲಿತ್ತು. ಮೂರು ಸಲ ಅವರ ಕೋಣೆಯ ಬಾಗಿಲಿನವರೆಗೆ ಹೋದೆ. ಒಮ್ಮೆ ಒಳಗೆ ಗುಮಾಸ್ತರಿದ್ದರು. ಒಮ್ಮೆ ಕಮಲಾಬಾಯಿ. ಮೂರನೆಯ ಸಲ ಯಾರೂ ಇರಲಿಲ್ಲ. ಸೀಮೆಸುಣ್ಣ ಬೇಕಿತ್ತು ಎಂದು ಕೇಳಿ, ತೆಗೆದುಕೊಂಡು ಬಂದೆ.

ಆ ಸಂಜೆ ಮಾವಶಿಗೆ ಎಲ್ಲವನ್ನೂ ಹೇಳಿದೆ. ಅವಳು ಹಿತ್ತಲಲ್ಲಿ ಮಶೇರಿ ಸೋಸುತ್ತಿದ್ದಳು.

"ಅರವತ್ತ ವರ್ಷ ಆದ್ವು, ನನಗೇನೂ ಆಗಿಲ್ಲ" ಎಂದಳು.

"ಸೋಲಾಪುರಕ್ಕ ಹೋದಾಗ ಡಬ್ಬಿ ಮರತು, ಅಳಿಯನ ಮನ್ಯಾಗ ಎರಡ ದಿನಾ ತಲಿಗೆ ಪಟ್ಟಿ ಕಟ್ಕೊಂಡು ಮಲಗಿದ್ದಿ."

"ಅದು ಅವರ ಮನಿ ನೀರಿಂದ ಆತು" ಎಂದಳು ಮಾವಶಿ, ಬಟ್ಟೆ ಜಾಡಿಸುತ್ತ. ಆಮೇಲೆ ಕೈ ನಿಲ್ಲಿಸಿ ಕೇಳಿದಳು: "ಆ ಹುಡುಗಿ ಶಾಣ್ಯಾಕಿ ಏನು?"

"ನನಗಿಂತ ಶಾಣ್ಯಾಕಿ."

"ಹಂಗಾರ ಇಷ್ಟ್ಯಾಕ ವಿಚಾರ ಮಾಡ್ತಿ? ಹೋಗಿ ಹೇಳು. ಹೇಳಿದ್ರ ನಿನ್ನ ಮಾನ ಒಂದ ಹೋಗ್ತದ. ಹೇಳದಿದ್ರ ಅಕಿದು ಹೋಗ್ತದ. ನಿನಗ ನೌಕ್ರಿ ಅದ, ಸಂಬಳ ಅದ, ನಾನಿದ್ದೇನಿ. ಅಕಿಗೆ ಏನದ?"

ಶುಕ್ರವಾರ ಪಾರ್ವತಿಯ ತಂದೆ ಬಂದರು. ಎತ್ತರದ ಆಳು, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಕುರ್ಚಿ ತೋರಿಸಿದರೂ ಅದರ ತುದಿಯಲ್ಲಿ ಕುಳಿತರು. ನಾನು ಕಪಾಟಿಗೆ ಬೆನ್ನು ಹಚ್ಚಿ ನಿಂತಿದ್ದೆ. ಅಂದು ಮಧ್ಯಾಹ್ನ ಚಿಟಿಕೆ ಹಚ್ಚಿಕೊಂಡಿರಲಿಲ್ಲ. ಕಿವಿಯ ಹಿಂದೆ ನರ ಮಿಡಿಯುತ್ತಿತ್ತು.

"ಏನ್ರಿ ಬಾಯಾರ, ನಮ್ಮ ಪಾರವ್ವಂದು ಏನರ ತಪ್ಪಾಗೇತೇನ್ರಿ?"

ದೊಡ್ಡ ಬಾಯಾರು ಪೆನ್ನಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿದರು. "ತಪ್ಪು ಅಂತ ಅಲ್ಲ. ಈಗ ನಾಕೈದು ದಿನದಿಂದ ಆಕಿಗೆ ತಲಿ ತಿರಗ್ಲಿಕ್ಕೆ ಹತ್ತದ. ವಾಂತಿ ಆಗ್ಲಿಕ್ಕೆ ಹತ್ತಾವ. ನಾವು ಹೆಣ್ಣಮಕ್ಕಳ ಸಾಲಿ ನಡಸೂವರು. ನಮಗ ಸಂಶೇ ಬಂದದ್ದು ಏನಂದ್ರ..."

ಆ ವಾಕ್ಯ ಮುಗಿದುಬಿಟ್ಟರೆ ಅದನ್ನು ಮತ್ತೆ ಯಾರೂ ಒಳಗೆ ಹಾಕಲಾರರು. ಇಷ್ಟು ಮಾತ್ರ ಹೊಳೆಯಿತು.

"ಅದು ತಂಬಾಕಿಂದರಿ" ಎಂದೆ.

ಇಬ್ಬರೂ ತಿರುಗಿ ನೋಡಿದರು. ಪರ್ಸು ತೆರೆದೆ. ಬೆಳ್ಳಿಯ ಕರಡಿಗೆಯನ್ನು ಮೇಜಿನ ಮೇಲೆ ಇಟ್ಟೆ. ಅದರ ಪಕ್ಕದಲ್ಲಿ, ಕಪಾಟಿನಲ್ಲಿ ಉಳಿದಿದ್ದ ಎರಡು ಜಡೆಯ ಡಬ್ಬಿಯೊಂದನ್ನು ಇಟ್ಟೆ. ಎರಡರ ಮುಚ್ಚಳವನ್ನೂ ತೆಗೆದೆ.

"ಎರಡೂ ಒಂದ ಪುಡಿರಿ. ಇದಕ್ಕ ಲವಂಗ ಹಾಕ್ಯಾರ, ಅಷ್ಟ. ನುಂಗಿದ್ರ ಹಂಗ ಆಗ್ತದ. ಉಗಳಬ್ಯಾಡಂತ ನಾನ ಬೋರ್ಡ್ ಹಾಕೇನಿ, ಅದಕ್ಕ ನುಂಗ್ಯಾಳ. ಪಾರ್ವತೀದು ಬ್ಯಾರೆ ಏನೂ ತಪ್ಪಿಲ್ಲ."

"ಈ ಕರಡಿಗಿ ಯಾರದ್ರಿ?" ಎಂದರು ದೊಡ್ಡ ಬಾಯಾರು.

"ನಂದು. ನಾಕ ವರ್ಷ ಆತು. ಮೊದಲನೇ ದಿನಾನ ವಾಸನಿ ನನಗ ಗೊತ್ತಾಗಿತ್ತು. ಹೇಳಲಿಲ್ಲ."

ಪಾರ್ವತಿಯ ತಂದೆ ತಗಡಿನ ಡಬ್ಬಿಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ದೀಪಾವಳ್ಯಾಗ ಅಕಿ ಟ್ರಂಕಿನ್ಯಾಗ ಇಂಥಾದ್ದೊಂದ ಸಿಕ್ಕಿತ್ರಿ" ಎಂದರು. "ವಾಸನಿ ಬ್ಯಾರೆ ಬಂತು. ಏನವಾ ಇದು ಅಂದ್ನಿ. ಸಾಲ್ಯಾಗ ಕೊಟ್ಟಾರಪ್ಪಾ, ಗ್ವಾಡಿ ಮ್ಯಾಲ ನಮ್ಮ ಕನ್ನಡಾ ಬಾಯಾರ ಬರದಾರ, ಅಂದ್ಲು. ನಾ ಓದಿದಾಂವಲ್ಲ. ಬಾಯಾರ ಬರದಾರ ಅಂದಮ್ಯಾಲ ಖರೇನ ಇರಬೇಕು ಅಂತ ತಿರಗಿ ಟ್ರಂಕಿನ್ಯಾಗ ಇಟ್ನಿ." ನನ್ನ ಕಡೆ ನೋಡಿದರು. "ಆ ಬರದವರು ನೀವೇನ್ರಿ?"

"ಹೌದ್ರಿ."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ರುಮಾಲು ಸರಿಪಡಿಸಿಕೊಂಡರು. "ಅಕಿ ನನ್ನಿಂದ ಮುಚ್ಚಿಟ್ಟಾಳ, ಅದನ್ನ ನಾ ಮನ್ಯಾಗ ನೋಡ್ಕೊಂತೇನಿ. ಹೊಡಿಯಂಗಿಲ್ಲ, ಅಂಜಬ್ಯಾಡ್ರಿ. ಆದ್ರ ನಾಳಿ ಮುಂಜಾನಿ ನಾನ ಅಕಿನ್ನ ಕರಕೊಂಡ ಬರ್ತೇನಿ. ಗ್ವಾಡಿ ಮ್ಯಾಲ ಆ ಮಾತ ಇತ್ತಂದ್ರ, ಹಂಗ ತಿರಗಿ ಕರಕೊಂಡ ಹೋಗ್ತೇನಿ. ಮತ್ತ ಈ ಗೇಟ ದಾಟಂಗಿಲ್ಲ ಅಕಿ."

"ಅದು ಹಂಗ ಆಗೂದಿಲ್ರಿ" ಎಂದರು ದೊಡ್ಡ ಬಾಯಾರು. "ಮಾರ್ಚ್ ತನಕಾ ಕರಾರದ. ಕಮಿಟಿ ಕೂಡಬೇಕು, ಠರಾವು ಆಗಬೇಕು."

"ಕೂಡ್ಲಿ ಬಿಡ್ರಿ. ನಾಳಿ ಮುಂಜಾನಿ ಎಂಟಕ್ಕ ಬರ್ತೇನಿ."

ಅವರು ಹೋದ ಮೇಲೆ ದೊಡ್ಡ ಬಾಯಾರು ಕರಡಿಗೆಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. "ನಿಮ್ಮ ಕರಡಿಗಿ ತಗೊಂಡ ಹೋಗ್ರಿ" ಎಂದಷ್ಟೇ ಹೇಳಿದರು. ನಾನು ತೆಗೆದುಕೊಳ್ಳಲಿಲ್ಲ.

ಸಂಜೆ ಮನೆಗೆ ಬಂದು ಮಾವಶಿಯನ್ನು ಕೇಳಿದೆ: "ದೀಪಾವಳಿಗೆ ಹಚ್ಚಿದ್ದ ಸುಣ್ಣ ಉಳದದೇನು?"

"ಹಿತ್ತಲದಾಗ ಹರವ್ಯಾಗ ಅದ. ಯಾಕ?"

ಹೇಳಿದೆ.

"ಯಾರಿಂದರ ಹಚ್ಚಸು. ನಾಳಿಗೆ ಪೇಟ್ಯಾಗ ಎಲ್ಲಾರೂ ನಿನ್ನ ನೋಡಿ ನಗತಾರ."

"ಬರದಾಕಿ ನಾನು."

ಮಾವಶಿ ಎದ್ದು ಹೋಗಿ, ಪುಂಡಿನಾರಿನ ಕುಂಚವನ್ನು ಹುಡುಕಿ ತಂದು ನೀರಿನಲ್ಲಿ ನೆನೆಹಾಕಿದಳು. "ತೆಳ್ಳಗ ಕಲಸಬ್ಯಾಡ" ಎಂದಳು.

ಮರುದಿನ ಶನಿವಾರ, ಮುಂಜಾನೆಯ ಶಾಲೆ. ಉಪ್ಪು ಮತ್ತು ಇದ್ದಿಲಿನಿಂದ ಹಲ್ಲುಜ್ಜಿದೆ. ಬಾಯಿ ಬರಿದಾಗಿತ್ತು, ತಲೆ ಭಾರವಾಗಿತ್ತು. ಸುಣ್ಣದ ಬಕೆಟ್ಟನ್ನು ಟಾಂಗಾದಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಕುಳಿತೆ. ಟಾಂಗಾದವನು ಹಿಂತಿರುಗಿ, "ಗೃಹಪ್ರವೇಶ ಏನ್ರಿ?" ಎಂದ. ಇಲ್ಲವೆಂದೆ. ಏಳಕ್ಕೆ ಮುಂಚೆ ಶಾಲೆ ಮುಟ್ಟಿದಾಗ ಗೇಟು ತೆರೆಯುತ್ತಿದ್ದ ಮುದುಕ ಜವಾನ ರಾಯಪ್ಪನ ಹತ್ತಿರ ಏಣಿ ಕೇಳಿದೆ.

"ದೊಡ್ಡ ಬಾಯಾರ ಹೇಳ್ಯಾರೇನ್ರಿ?"

"ಇಲ್ಲ."

"ನನ್ನ ನೌಕ್ರಿ ಹೋಗತೈತ್ರಿ."

"ಏಣಿ ನಾನ ತಗೊಂಡೆ ಅಂತ ಹೇಳು."

ಅವನು ಏಣಿಯನ್ನು ತಂದು ಗೋಡೆಗೆ ಹಚ್ಚಿ, ತಾನು ಅದನ್ನು ನೋಡಿಯೇ ಇಲ್ಲವೆಂಬಂತೆ ಬೆನ್ನು ತಿರುಗಿಸಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತ.

ಸೀರೆಯ ನಿರಿಗೆಯನ್ನು ಮೇಲಕ್ಕೆ ಸಿಗಿಸಿ ಹತ್ತಿದೆ. ಮೊದಲು ಹುಡುಗಿಯ ಹಲ್ಲು, ಆಮೇಲೆ ಜಡೆ, ರಿಬ್ಬನ್ನು. ಸುಣ್ಣ ಮುಂಗೈಯಿಂದ ಇಳಿದು ಮೊಣಕೈಗೆ ಸುಡುತ್ತಿತ್ತು. ನಾಲ್ಕು ವರ್ಷದಲ್ಲಿ ಚಿಟಿಕೆಯಿಲ್ಲದೆ ಆದ ಮೊದಲ ಬೆಳಗು ಅದು. ಎದುರಂಗಡಿಯ ಅಜ್ಜ ಹಲಗೆ ಹಾಕುವುದನ್ನು ಬಿಟ್ಟು ನೋಡುತ್ತಿದ್ದ. ಹಾಲಿನವರು ಸೈಕಲ್ಲು ನಿಲ್ಲಿಸಿದರು. ಹುಡುಗಿಯರು ಬರತೊಡಗಿದರು. ಒಳಗೆ ಹೋಗದೆ ಗೇಟಿನಲ್ಲಿ ಗುಂಪಾಗಿ ನಿಂತರು. ಕಮಲಾಬಾಯಿ ಬಂದವರು, "ಅಯ್ಯ, ಇಂದೂಬಾಯಿ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು. ನಾನು ಯಾರ ಕಡೆಯೂ ತಿರುಗಲಿಲ್ಲ. ಏಣಿ ಇಳಿದು, ನನ್ನ ಸಾಲಿನ ಮೇಲೆ ಎಡದಿಂದ ಬಲಕ್ಕೆ ಕುಂಚ ಎಳೆದೆ.

ಹಸಿ ಸುಣ್ಣ ನೀರಿನ ಹಾಗೆ. ಒಣಗುವವರೆಗೆ ಏನನ್ನೂ ಮುಚ್ಚುವುದಿಲ್ಲ. ಪ್ರತಿ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವುದನ್ನು ನೋಡುತ್ತ ಬೆಳೆದವಳು ನಾನು, ಆದರೆ ಅದು ನೆನಪಿಗೇ ಬಂದಿರಲಿಲ್ಲ. ಎಂಟಕ್ಕೆ ಐದು ನಿಮಿಷವಿತ್ತು. ಗೋಡೆಯ ಮೇಲೆ 'ಮುಂಜಾನೆ ಒಂದು ಚಿಟಿಕೆ, ದಿನವೆಲ್ಲ ನಗು' ನೀಲಿಯಾಗಿ, ಸ್ಪಷ್ಟವಾಗಿ, ಹೊಸದಾಗಿ ತೊಳೆದ ಹಾಗೆ ಕಾಣುತ್ತಿತ್ತು. ಬಿಸಿಲು ಇನ್ನೂ ಎದುರಿನ ಮಾಡಿನ ಮೇಲಿತ್ತು.

ರಸ್ತೆಯ ತಿರುವಿನಲ್ಲಿ ಬಿಳಿ ರುಮಾಲು ಕಂಡಿತು. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಪಾರ್ವತಿ, ಎದೆಗೆ ಪುಸ್ತಕ ಒತ್ತಿಕೊಂಡು. ಜಡೆಯಲ್ಲಿ ರಿಬ್ಬನ್ನಿರಲಿಲ್ಲ. ಇಬ್ಬರೂ ಬಂದು ಗೋಡೆಯ ಮುಂದೆ ನಿಂತರು. ಅವಳು ಓದಿದಳು. ಅವರು ಓದಲು ಬಾರದವರು, ಗೋಡೆಯನ್ನು ಬಿಟ್ಟು ನನ್ನ ಕೈಗಳನ್ನು ನೋಡಿದರು.

"ಇನ್ನೂ ಕಾಣತೈತೇನವಾ?" ಎಂದು ಮಗಳನ್ನು ಕೇಳಿದರು.

ಪಾರ್ವತಿ ನನ್ನ ಮುಖ ನೋಡಿದಳು. ಸುಳ್ಳು ಹೇಳಲೇ ಎಂದು ಕೇಳುವ ಕಣ್ಣು. ನಾನು ತಲೆಯಾಡಿಸಿದೆ, ಬೇಡವೆಂದು.

"ಕಾಣತೈತಪ್ಪಾ" ಎಂದಳು.

ಒಳಗೆ ಗಂಟೆ ಬಾರಿಸಿತು. ಗುಂಪು ಕರಗಿ ಒಳಗೆ ಹೋಯಿತು. ಅವಳು ಮಾತ್ರ ಕದಲಲಿಲ್ಲ. ಅವಳ ತಂದೆ ಗೋಡೆಯ ಹತ್ತಿರ ಬಂದು, ನಾನು ಮೊದಲು ಹಚ್ಚಿದ್ದ ಮೇಲಿನ ಮೂಲೆಯನ್ನು ಕತ್ತೆತ್ತಿ ನೋಡಿದರು. ಅಲ್ಲಿ ಅಂಚು ಒಣಗಿ ಬಿಳಿಯಾಗತೊಡಗಿತ್ತು. ಹುಡುಗಿಯ ಹಲ್ಲು ಆಗಲೇ ಇರಲಿಲ್ಲ.

"ಒಣಗಿದ ಮ್ಯಾಲ ಸುಣ್ಣ" ಎಂದರು, ನನಗೋ ತಮಗೋ. ಆಮೇಲೆ ಮಗಳ ಕಡೆ ತಿರುಗಿ, "ಹೋಗ ಒಳಗ, ಗಂಟಿ ಆತು. ಇದು ಒಣಗೂತನಕಾ ನಾ ಇಲ್ಲೇ ಕುಂದರ್ತೇನಿ" ಎಂದು ಎದುರಂಗಡಿಯ ಕಟ್ಟೆಯ ಮೇಲೆ, ಡಬ್ಬಿಗಳ ಸಾಲಿಗೆ ಬೆನ್ನು ಮಾಡಿ ಕುಳಿತರು.

ಪಾರ್ವತಿ ನನ್ನ ಪಕ್ಕದಿಂದ ಹಾದು ಗೇಟಿನೊಳಗೆ ಹೋದಳು. ಮೊದಲ ಪೀರಿಯಡ್ಡು ನನ್ನದೇ. ನಾನು ಕುಂಚವನ್ನು ಬಕೆಟ್ಟಿನ ತಳದ ಗಟ್ಟಿ ಸುಣ್ಣದಲ್ಲಿ ಅದ್ದಿ, ಎಡಗಡೆಯ ಮೊದಲ ಅಕ್ಷರದಿಂದ ಎರಡನೆಯ ಸಲ ಹಚ್ಚತೊಡಗಿದೆ.